ಮಾತ್ರೆಯನ್ನೂ ಬರೆಯಿರಿ, ಕಷಾಯವನ್ನೂ ಬರೆಯಿರಿ: ವೈದ್ಯಕೀಯ ಬರವಣಿಗೆಯಲ್ಲಿ ನನ್ನ ಅನುಭವ

ಮಂಡ್ಯದಲ್ಲಿರುವ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಆಯುರ್ವೇದ ಒಂದನ್ನೇ ನೆಚ್ಚಿಕೊಂಡವರು ತೀರಾ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಶುಗರ್ ಮಾತ್ರೆ ಇರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ಇರುತ್ತದೆ. ಮನೆಯಲ್ಲಿ ಕಾಯಿಸಿದ ಅಮೃತಬಳ್ಳಿ ಕಷಾಯ ಇರುತ್ತದೆ. ಅದರ ಮೇಲೆ ನಾನು ಕೊಡುವ ಔಷಧಿ. "ಅದ್ನೂ ನುಂಗ್ತೀನಿ ಸಾ, ಇದ್ನೂ ಕುಡೀತೀನಿ" ಎಂದು ಹೇಳುವಾಗ ಅವರಿಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಸಮನ್ವಯ ಚಿಕಿತ್ಸೆ ಎಂದು ಈಗ ಸಮ್ಮೇಳನಗಳಲ್ಲಿ ಮಾತಾಡುತ್ತೇವೆ. ಜನ ಅದನ್ನು ಯಾರನ್ನೂ ಕೇಳದೆ ಮೊದಲಿನಿಂದ ಮಾಡಿಕೊಂಡೇ ಬಂದಿದ್ದಾರೆ. ಬರೆದಿಟ್ಟವರು ಮಾತ್ರ ಕಡಿಮೆ. ಆಸ್ಪತ್ರೆಯ ಚೀಟಿಯಲ್ಲಿ ಕಷಾಯದ ಹೆಸರು ಇರುವುದಿಲ್ಲ. ನಮ್ಮ ಆಯುರ್ವೇದದವರ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ಹೆಸರು ಇರುವುದಿಲ್ಲ.

ನಾನು ಬರೆಯುವುದಕ್ಕೆ ಶುರು ಮಾಡಿದ್ದೇ ಈ ಕಾರಣಕ್ಕೆ. ವೈದ್ಯಕೀಯ ಜರ್ನಲ್‌ಗಳಿಗೆ ಇಂಗ್ಲಿಷಿನಲ್ಲಿ ಕೇಸ್ ರಿಪೋರ್ಟ್, ಅಂದರೆ ಒಬ್ಬ ರೋಗಿಯ ಚಿಕಿತ್ಸೆಯ ವರದಿ, ಬರೆಯುತ್ತೇನೆ. ಪತ್ರಿಕೆಗಳಿಗೆ ಕನ್ನಡದಲ್ಲಿ ಲೇಖನ ಬರೆಯುತ್ತೇನೆ. ಓದುಗರು ಬೇರೆ, ಭಾಷೆ ಬೇರೆ. ಆದರೆ ಎರಡಕ್ಕೂ ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ರೋಗಿಯ ಹೊಟ್ಟೆಗೆ ಏನೇನು ಹೋಗುತ್ತಿದೆಯೋ ಅಷ್ಟೂ ಕಾಗದದ ಮೇಲೆ ಬರಬೇಕು.

ನಾನು ಓದಿದ್ದು ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ. 1908ರಲ್ಲಿ ಶುರುವಾದ ಕಾಲೇಜು. ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲೇ ಇದೆ. ಅಲ್ಲಿಂದ ಇರ್ವಿನ್ ರಸ್ತೆಯ ಕಡೆಗೆ ತಿರುಗಿದರೆ ಕೆ.ಆರ್. ಆಸ್ಪತ್ರೆ ಮತ್ತು ಮೈಸೂರು ಮೆಡಿಕಲ್ ಕಾಲೇಜು. ಆ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು. ಅಂದರೆ ಎರಡು ವೈದ್ಯ ಪದ್ಧತಿಗಳು ಕೂಗಳತೆಯಲ್ಲಿ ಇಷ್ಟು ವರ್ಷ ಬಾಳಿವೆ. ರೋಗಿಗಳು ಎರಡೂ ಕಡೆ ಓಡಾಡುತ್ತಿದ್ದರು. ಕೇಸ್ ಶೀಟ್ ಓಡಾಡುತ್ತಿರಲಿಲ್ಲ.

ನಮ್ಮ ಕಡೆ ಎಂ.ಡಿ. ಪ್ರಬಂಧ ಬರೆಯುವ ಕ್ರಮ ನಿಮಗೆ ಗೊತ್ತಿರಬಹುದು. ಮೊದಲ ಅರ್ಧ ಪೂರ್ತಿ ಸಂಹಿತೆಗಳ (ಹಳೆಯ ಆಯುರ್ವೇದ ಗ್ರಂಥಗಳ) ಶ್ಲೋಕ, ಪದಗಳ ನಿರುಕ್ತಿ ಅಂದರೆ ವ್ಯುತ್ಪತ್ತಿ, ಪರ್ಯಾಯ ಪದ. ರೋಗಿಗೆ ಏನಾಯಿತು ಎನ್ನುವುದು ಕೊನೆಗೆ ಬರುತ್ತದೆ. ಶಾಸ್ತ್ರದ ಓದಿಗೆ ಅದು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಜರ್ನಲ್ ಓದುವವನಿಗೆ ಬೇಕಾದದ್ದು ಬೇರೆ. ಯಾರಿಗೆ ಕೊಟ್ಟಿರಿ, ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ, ಏನು ಅಳೆದಿರಿ, ಏನು ಕಂಡಿತು. ಪ್ರಬಂಧವನ್ನು ಲೇಖನ ಮಾಡಲು ಬರುವ ಕಿರಿಯರಿಗೆ ನಾನು ಕೊನೆಯ ಅಧ್ಯಾಯಗಳಿಂದ ಶುರು ಮಾಡಿ ಎನ್ನುತ್ತೇನೆ. ಶ್ಲೋಕ ಒಂದೋ ಎರಡೋ ಸಾಕು, ಅದೂ ಚಿಕಿತ್ಸೆಯ ಆಯ್ಕೆಗೆ ಕಾರಣವಾಗಿದ್ದರೆ.

ಅವರಿಗೆ ಸರ್ಪಗಂಧದ ಕಥೆಯನ್ನೂ ಹೇಳುತ್ತೇನೆ. ಆ ಬೇರು ನಮ್ಮಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿತ್ತು. 1931ರಲ್ಲಿ ಕಲ್ಕತ್ತೆಯ ವೈದ್ಯರಾದ ಸೇನ್ ಮತ್ತು ಬೋಸ್ ಅದರ ಬಗ್ಗೆ ಭಾರತದ ಜರ್ನಲ್ ಒಂದರಲ್ಲಿ ಬರೆದರು. ಹೊರಗಿನವರು ಗಮನಿಸಲಿಲ್ಲ. 1949ರಲ್ಲಿ ಬೊಂಬಾಯಿಯ ಹೃದಯ ತಜ್ಞ ರುಸ್ತುಂ ಜಾಲ್ ವಕೀಲ್ ಅವರು 50 ಜನ ಬಿ.ಪಿ. ರೋಗಿಗಳ ವಿವರವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಮೇಲೆ ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಆ ಬೇರಿನಿಂದ ಬಿ.ಪಿ. ಇಳಿಸುವ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಕೆಲವರಲ್ಲಿ ಮನಸ್ಸು ಕುಗ್ಗುತ್ತದೆ ಎಂಬ ವರದಿಗಳೂ ಬಂದವು. ಮುಂದೆ ಬೇರೆ ಒಳ್ಳೆಯ ಮಾತ್ರೆಗಳು ಬಂದಂತೆ ಅದರ ಬಳಕೆ ಇಳಿಯಿತು. ಗುಣವನ್ನೂ ದೋಷವನ್ನೂ ಯಾರೋ ಬರೆದಿಟ್ಟಿದ್ದಕ್ಕೇ ಇದೆಲ್ಲ ನಮಗೆ ಗೊತ್ತು, ಅಲ್ವಾ?

ನಾನು ಬರೆಯುವ ರೀತಿಯನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ನಮ್ಮಲ್ಲಿ ಮಂಡಿನೋವು ಜಾಸ್ತಿ. ಅದಕ್ಕೆ ಜಾನುಬಸ್ತಿ ಮಾಡುತ್ತೇವೆ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮಂಡಿಯ ಸುತ್ತ ಕಟ್ಟೆ ಕಟ್ಟಿ, ಒಳಗೆ ಬಿಸಿ ಎಣ್ಣೆ ನಿಲ್ಲಿಸುತ್ತೇವೆ. ಎಣ್ಣೆ ಆರುತ್ತಿದ್ದಂತೆ ಹತ್ತಿಯಲ್ಲಿ ಅದ್ದಿ ಹಿಂಡಿ ತೆಗೆದು, ಮತ್ತೆ ಬಿಸಿ ಎಣ್ಣೆ ಹಾಕಬೇಕು. "ಜಾನುಬಸ್ತಿ ಮಾಡಲಾಯಿತು" ಎಂದು ಒಂದು ಸಾಲು ಬರೆದರೆ ಬೇರೆ ಊರಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಯಾವ ಎಣ್ಣೆ, ಯಾವ ಕಂಪನಿಯದು, ಬ್ಯಾಚ್ ನಂಬರ್ ಏನು, ಎಷ್ಟು ಮಿಲಿ, ಎಷ್ಟು ಬಿಸಿ, ಎಷ್ಟು ನಿಮಿಷ, ಎಷ್ಟು ದಿನ. ಮಾಡಿದವರು ಯಾರು, ವೈದ್ಯರೋ ಥೆರಪಿಸ್ಟೋ, ಅದೂ ಬೇಕು.

ನೋವು ಅಳೆಯುವುದು ಇನ್ನೊಂದು ಕೆಲಸ. ಜರ್ನಲ್‌ನವರು ವೊಮ್ಯಾಕ್ ಎಂಬ 24 ಪ್ರಶ್ನೆಗಳ ಪಟ್ಟಿ ಕೇಳುತ್ತಾರೆ. ಕೆನಡಾದಲ್ಲಿ ತಯಾರಾದದ್ದು. ಅದರಲ್ಲಿ ಸ್ನಾನದ ತೊಟ್ಟಿಗೆ ಇಳಿದು ಹತ್ತುವಾಗ ಎಷ್ಟು ಕಷ್ಟ ಎಂಬ ಪ್ರಶ್ನೆ ಇದೆ. ನಮ್ಮ ಹಳ್ಳಿಯ ಹೆಂಗಸರಿಗೆ ಕಷ್ಟ ಇರುವುದು ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವಾಗ. ಹಾಗಾಗಿ ವೊಮ್ಯಾಕ್ ಅನ್ನು ಇದ್ದ ಹಾಗೇ ತುಂಬುತ್ತೇನೆ. ಪಕ್ಕದಲ್ಲಿ ಬೇರೆಯಾಗಿ ಎರಡು ವಿಷಯ ಬರೆಯುತ್ತೇನೆ: ಹಾಲು ಕರೆಯಲು ಕೂರುತ್ತಾರಾ, ಎಷ್ಟು ದೂರ ನಡೆಯುತ್ತಾರೆ. "ಹತ್ತಕ್ಕೆ ಎಷ್ಟು ನೋವು" ಎಂದರೆ ಅನೇಕರಿಗೆ ಹೇಳಲು ಬರುವುದಿಲ್ಲ. ಆದರೆ "ಎಂಟಾಣೆ ವಾಸಿ ಸಾ" ಎಂದು ತಕ್ಷಣ ಹೇಳುತ್ತಾರೆ. ಆ ಮಾತನ್ನೂ ಹಾಗೇ ಬರೆದುಕೊಳ್ಳುತ್ತೇನೆ. ಕೇಸ್ ರಿಪೋರ್ಟ್ ಹೇಗೆ ಬರೆಯಬೇಕು ಎಂದು ತಿಳಿಸುವ, 2013ರಲ್ಲಿ ಬಂದ 'ಕೇರ್' ಮಾರ್ಗಸೂಚಿಯಲ್ಲಿ ರೋಗಿಯ ಅನಿಸಿಕೆಗೂ ಒಂದು ಜಾಗ ಇದೆ. ನನಗೆ ಆ ಮಾರ್ಗಸೂಚಿಯಲ್ಲಿ ತುಂಬಾ ಇಷ್ಟವಾದ ಭಾಗ ಅದು.

ಅದೇ ಮಾರ್ಗಸೂಚಿ ಕೇಳುವ ಇನ್ನೊಂದು ಅಂಶ ಟೈಮ್‌ಲೈನ್. ಯಾವ ತಾರೀಕು ಏನಾಯಿತು ಎಂಬ ಪಟ್ಟಿ. ನನ್ನ ಬರವಣಿಗೆಗೆ ಆಧಾರ ಇದೇ. ಎಡಗಡೆ ತಾರೀಕು, ನಡುವೆ ನಾನು ಕೊಟ್ಟದ್ದು, ಬಲಗಡೆ ಉಳಿದದ್ದೆಲ್ಲ. ಆ ಬಲಗಡೆಯಲ್ಲೇ ನಿಜವಾದ ವಿಷಯ ಇರುತ್ತದೆ. ಮಂಡಿನೋವಿನ ಹೆಂಗಸೊಬ್ಬರು ಬಂದರು ಎಂದುಕೊಳ್ಳಿ. ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ಜೋರಾಗಿ ನಡೆಯುತ್ತಿದೆ, ಕೆಸರಿನಲ್ಲಿ ದಿನವಿಡೀ ಬಗ್ಗಿ ಮಂಡಿ ಊದಿದೆ. ಜಾನುಬಸ್ತಿ ಶುರು ಮಾಡಿದೆವು. ಎರಡು ವಾರದಲ್ಲಿ ನೋವು ಅರ್ಧ ಇಳಿಯಿತು. ಒಳ್ಳೆಯದು. ಆದರೆ ಅಷ್ಟರಲ್ಲಿ ನಾಟಿಯೂ ಮುಗಿದಿತ್ತು. ನಡುವೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯನ್ನೂ ನುಂಗಿರಬಹುದು. ನೋವು ಮಿತಿ ಮೀರಿದಾಗಲೇ ಜನ ವೈದ್ಯರ ಹತ್ತಿರ ಬರುವುದು. ಅಲ್ಲಿಂದ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಇಷ್ಟನ್ನೂ ಬರೆದ ಮೇಲೆ ಜಾನುಬಸ್ತಿಯಿಂದ ಎಷ್ಟು, ವಿಶ್ರಾಂತಿಯಿಂದ ಎಷ್ಟು ಎಂದು ಓದುವವರೇ ಯೋಚಿಸಲಿ. ಒಬ್ಬ ರೋಗಿಯ ಕಥೆಯಿಂದ ಚಿಕಿತ್ಸೆ ಗೆದ್ದಿತು ಎಂದು ತೀರ್ಮಾನ ಮಾಡುವ ಹಾಗಿಲ್ಲ. ಮುಂದಿನ ಅಧ್ಯಯನಕ್ಕೆ ಒಳ್ಳೆಯ ಪ್ರಶ್ನೆ ಸಿಕ್ಕರೆ ಅದೇ ದೊಡ್ಡದು.

ಜಾನುಬಸ್ತಿಯ ಮೇಲೆ ನನಗೆ ನಂಬಿಕೆ ಇದೆ. ನಂಬಿಕೆ ಇರುವುದಕ್ಕೇ ಬಲಗಡೆಯ ಅಂಕಣವನ್ನು ಬಿಗಿಯಾಗಿ ತುಂಬುತ್ತೇನೆ.

ಬರೆದ ಮೇಲೆ ಮೊದಲು ಓದುವವರು ನನ್ನ ಎಂ.ಬಿ.ಬಿ.ಎಸ್. ಗೆಳೆಯರೊಬ್ಬರು. "ಕ್ರಿಯಾಟಿನಿನ್ ಎಷ್ಟಿತ್ತು? ಮೆಟ್‌ಫಾರ್ಮಿನ್ ಡೋಸ್ ಬದಲಾಯಿತಾ?" ಎಂದು ಕೆಂಪು ಪೆನ್ನಿನಲ್ಲಿ ಕೇಳುತ್ತಾರೆ. ಕ್ರಿಯಾಟಿನಿನ್ ಎಂದರೆ ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ. ನಮ್ಮವರು ಯಾರೂ ಕೇಳದ ಪ್ರಶ್ನೆಗಳು ಅವು. ಅವರ ಲೇಖನಗಳನ್ನು ನಾನು ಓದುತ್ತೇನೆ. ಅವರ ರೋಗಿಗಳು ಮನೆಯಲ್ಲಿ ಏನು ಕಷಾಯ ಕುಡಿಯುತ್ತಾರೆ ಎಂದು ಕೇಳುತ್ತೇನೆ. ಇಬ್ಬರಿಗೂ ಇದರಿಂದ ಲಾಭ ಆಗಿದೆ.

ಒಪ್ಪಿಗೆ ಪತ್ರದ ಬಗ್ಗೆ ಒಂದು ಮಾತು. ಅದು ಕನ್ನಡದಲ್ಲೇ ಇರಬೇಕು. ಓದಲು ಬಾರದವರಿಗೆ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಹೆಸರು ತೆಗೆದರೆ ಗುರುತು ಹೋಯಿತು ಎಂದು ಸುಮಾರು ಜನ ಅಂದುಕೊಂಡಿದ್ದಾರೆ. ಸೋರಿಯಾಸಿಸ್ ಎಂಬ ಚರ್ಮರೋಗ ಇರುವ ಮುಂಗೈ ಫೋಟೊ ತೆಗೆಯುತ್ತೇವೆ. ಮುಖ ಇಲ್ಲ, ಸರಿ. ಆದರೆ ಅಲ್ಲೇ ಪಕ್ಕದಲ್ಲಿ ಹಚ್ಚೆ, ಹಚ್ಚೆಯಲ್ಲಿ ಗಂಡನ ಹೆಸರು. ಊರಿನವರಿಗೆ ಅಷ್ಟು ಸಾಕು. "ಇಂಥ ಹೋಬಳಿಯ, ಇಷ್ಟು ವಯಸ್ಸಿನ, ಪಂಚಾಯಿತಿ ಸದಸ್ಯೆ" ಎಂದು ಬರೆದರೂ ಅಷ್ಟೇ. ಹಾಗಾಗಿ ಫೋಟೊವನ್ನು ಕತ್ತರಿಸಿ ಹಾಕುತ್ತೇನೆ. ಊರು, ಹುದ್ದೆ ಬಿಡುತ್ತೇನೆ. "ಗದ್ದೆ ಕೆಲಸ ಮಾಡುವ ಮಧ್ಯವಯಸ್ಸಿನ ಮಹಿಳೆ" ಎಂದರೆ ವೈದ್ಯಕ್ಕೆ ಬೇಕಾದದ್ದು ಸಿಕ್ಕಿತು.

ಜರ್ನಲ್ ಆರಿಸುವ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದುಡ್ಡು ಕಳಿಸಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಇಮೇಲ್ ಬಂದರೆ ಉತ್ತರ ಕೊಡಬೇಡಿ. ಐ.ಎಸ್.ಎಸ್.ಎನ್. ಎಂಬ ನಿಯತಕಾಲಿಕಗಳ ಗುರುತಿನ ನಂಬರ್ ಇದ್ದ ಮಾತ್ರಕ್ಕೆ ಜರ್ನಲ್ ಒಳ್ಳೆಯದು ಎಂದಲ್ಲ, ಅದು ಯಾರಿಗೂ ಸಿಗುತ್ತದೆ. ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತದಾ, ಸಂಪಾದಕ ಮಂಡಳಿಯಲ್ಲಿ ಇರುವವರು ನಿಜಕ್ಕೂ ಆ ವಿಷಯದಲ್ಲಿ ಕೆಲಸ ಮಾಡಿದವರಾ ಎಂದು ನೋಡಿ. ಬಡ್ತಿಗೆ ಲೇಖನ ಬೇಕೆಂಬ ಒತ್ತಡ ಕಾಲೇಜುಗಳಲ್ಲಿ ಇದೆ, ನನಗೆ ಗೊತ್ತು. ಆದರೂ ಕಷ್ಟಪಟ್ಟು ಬರೆದದ್ದನ್ನು ಯಾರೂ ಓದದ ಜಾಗಕ್ಕೆ ಕೊಡಬೇಡಿ.

ಇನ್ನು ಕನ್ನಡದ ಬರವಣಿಗೆ. ನನಗೆ ಹೆಚ್ಚು ಜವಾಬ್ದಾರಿ ಅನ್ನಿಸುವುದು ಇದೇ. ಜರ್ನಲ್ ಓದುವವರು ಅನುಮಾನ ಇಟ್ಟುಕೊಂಡೇ ಓದುತ್ತಾರೆ. ಪತ್ರಿಕೆ ಓದಿದವರು ಮಾರನೆಯ ದಿನವೇ ಮಾಡಿ ನೋಡುತ್ತಾರೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕಾಯಿತು. 2021ರಲ್ಲಿ ಮುಂಬೈನ ಲಿವರ್ ತಜ್ಞರು ಅದನ್ನು ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಮರುವರ್ಷ ಬೇರೆ ಬೇರೆ ಊರುಗಳ ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಟೀನೋಸ್ಪೋರಾ ಕಾರ್ಡಿಫೋಲಿಯಾ ನಮ್ಮ ಅಮೃತಬಳ್ಳಿ, ಟೀನೋಸ್ಪೋರಾ ಕ್ರಿಸ್ಪಾ ಅದನ್ನೇ ಹೋಲುವ ಇನ್ನೊಂದು.

ನಾನು ಕನ್ನಡದಲ್ಲಿ ಈ ವಿಷಯ ಬರೆದಾಗ ಎರಡೂ ಕಡೆಯ ಮಾತು ಇಟ್ಟೆ. ಆಮೇಲೆ ಓದುಗರಿಗೆ ಬೇಕಾದದ್ದನ್ನು ಬಿಡಿಸಿ ಹೇಳಿದೆ. ಬೇಲಿಯಲ್ಲಿ ಸಿಕ್ಕ ಬಳ್ಳಿಯನ್ನು ಗೊತ್ತಿಲ್ಲದೆ ಕಿತ್ತು ಕಾಯಿಸಬೇಡಿ. ತಿಂಗಳುಗಟ್ಟಲೆ ಸುಮ್ನೆ ಕುಡಿಯಬೇಡಿ. ಲಿವರ್ ಕಾಯಿಲೆ ಇದ್ದವರು, ಥೈರಾಯ್ಡ್‌ನಂಥ ಆಟೊಇಮ್ಯೂನ್ ತೊಂದರೆ ಇದ್ದವರು ಕೇಳದೆ ಮುಟ್ಟಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಕಷಾಯ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಕಷಾಯ ಕುಡಿದದ್ದನ್ನು ಡಾಕ್ಟರಿಗೆ ಹೇಳಿ. ನಮ್ಮ ವೃತ್ತಿಯ ಕೆಲವರಿಗೆ ಆ ಲೇಖನ ಹಿಡಿಸಲಿಲ್ಲ. ಆಯುರ್ವೇದವನ್ನು ಬಿಟ್ಟುಕೊಟ್ಟೆ ಎಂದರು. ಔಷಧಿ ಎಂದು ಕೊಡುವಾಗ ಅದಕ್ಕೆ ಅಡ್ಡಪರಿಣಾಮವೂ ಇರಬಹುದು ಎಂದು ಒಪ್ಪಿಕೊಳ್ಳಲೇಬೇಕು.

ಜ್ಯೇಷ್ಠಮಧುವಿನ ಬಗ್ಗೆಯೂ ಹೀಗೇ ಬರೆದಿದ್ದೇನೆ. ಗಂಟಲು ಕೆರೆತಕ್ಕೆ ಒಂದೆರಡು ದಿನ ಚೀಪಿದರೆ ತೊಂದರೆ ಇಲ್ಲ. ದಿನವೂ ಜಾಸ್ತಿ ತೆಗೆದುಕೊಂಡರೆ ಅದರಲ್ಲಿರುವ ಗ್ಲಿಸಿರೈಜಿನ್ ಬಿ.ಪಿ. ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ.ಗೆಂದು ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇನ್ನೂ ಇಳಿಯಬಹುದು. ಇಂಥ ಒಂದು ಪ್ಯಾರಾ ಬರೆಯಲು ಎರಡೂ ಪದ್ಧತಿಗಳ ಔಷಧಿ ಗೊತ್ತಿರಬೇಕು. ಸಮನ್ವಯ ಎಂದರೆ ನನ್ನ ಮಟ್ಟಿಗೆ ಇದೇ.

ಲೇಖನ ಕಳಿಸುವಾಗ ಶೀರ್ಷಿಕೆ ಬದಲಿಸಬೇಡಿ ಎಂದು ಸಂಪಾದಕರಿಗೆ ಕೇಳಿಕೊಳ್ಳುತ್ತೇನೆ. "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂದು ಹಾಕಿದರೆ ಒಳಗೆ ಎಷ್ಟು ಎಚ್ಚರದಿಂದ ಬರೆದರೂ ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿ.ಪಿ., ಮೂರ್ಛೆರೋಗ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆಯುತ್ತದೆ. ಜಾಹೀರಾತಿಗೆ ಸಲ್ಲದ ಮಾತು ಲೇಖನಕ್ಕೂ ಸಲ್ಲದು ಎನ್ನುವುದು ನನ್ನ ಲೆಕ್ಕ. ಲೇಖನದ ಕೆಳಗೆ ನನ್ನ ಕ್ಲಿನಿಕ್ಕಿನ ಫೋನ್ ನಂಬರ್ ಹಾಕಲೂ ಬಿಡುವುದಿಲ್ಲ.

ಪ್ರಕಟಣೆಗೆ ಕಳಿಸುವ ಮುಂಚೆ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತವರಿಗೆ ಓದಿ ಹೇಳುತ್ತೇನೆ. "ಎರಡು ಚಮಚ" ಎಂದು ಬರೆದಿದ್ದೆ. "ಟೀ ಚಮ್ಚನೋ ಸಾರಿನ್ ಚಮ್ಚನೋ ಸಾ?" ಎಂದು ಒಬ್ಬರು ಕೇಳಿದರು. ಅಂದಿನಿಂದ ಮಿಲಿ ಲೆಕ್ಕದಲ್ಲೇ ಬರೆಯುತ್ತೇನೆ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ ಬಳಸಿ ಎಂದು ಸೇರಿಸುತ್ತೇನೆ. "ಸೂಕ್ತ ಪ್ರಮಾಣದಲ್ಲಿ" ಎಂಬ ಮಾತನ್ನು ನನ್ನ ಲೇಖನಗಳಿಂದ ಪೂರ್ತಿ ತೆಗೆದಿದ್ದೇನೆ.

ಈಗ ಕೈಯಲ್ಲಿರುವುದು ಹಾವು ಕಡಿತದ ಬಗ್ಗೆ ಒಂದು ಕರಪತ್ರ. ವಿಷವೈದ್ಯದ ಮೇಲೆ 14ನೇ ಶತಮಾನದಲ್ಲೇ ಕನ್ನಡದಲ್ಲಿ ಇಡೀ ಗ್ರಂಥ ಬಂದಿದೆ. ಆ ಪರಂಪರೆಯ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿ ವಿಷ ಏರಿದವನಿಗೆ ಬೇಕಾದ ಮದ್ದು ಎ.ಎಸ್.ವಿ. (ಹಾವಿನ ವಿಷದ ಪ್ರತಿವಿಷ) ಇಂಜೆಕ್ಷನ್ ಒಂದೇ. ಅಲ್ಲಿ ಸಮನ್ವಯದ ಮಾತೇ ಇಲ್ಲ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆಯುರ್ವೇದ ವೈದ್ಯನ ಹೆಸರಿನಲ್ಲಿ ಈ ಮಾತು ಬಂದರೆ ನಾಟಿ ಮದ್ದಿಗೆ ಓಡುವವರು ಸ್ವಲ್ಪ ನಿಂತು ಕೇಳುತ್ತಾರೆ ಎಂಬ ಆಸೆ. ಕರಪತ್ರದಲ್ಲಿ ಇರುವುದು ಇಷ್ಟೇ: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಗಾಡಿ ತಡವಾದರೆ ಸಿಕ್ಕ ವಾಹನದಲ್ಲಿ ಎ.ಎಸ್.ವಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಹಾಲಿನ ಡೈರಿ, ಆಲೆಮನೆಗಳಲ್ಲಿ ಅಂಟಿಸುವ ಯೋಚನೆ ಇದೆ. ನಿಮ್ಮ ಊರಿನ ಡೈರಿಗೂ ಬೇಕಾದರೆ ಇದನ್ನೇ ಬರೆದುಕೊಂಡು ಹಾಕಿ, ನನ್ನ ಹೆಸರು ಬೇಕಾಗಿಲ್ಲ.