ನಾಯಿಗೆ ಹೆಸರಿಡುವ ಮೊದಲು ಮಳೆಯಲ್ಲಿ ನಿಂತು ಕೂಗಿ ನೋಡಿ

ನಮ್ಮ ಮನೆಯಲ್ಲಿ ಹಿಂದೆ ರಾಜ ಎಂಬ ನಾಯಿ ಇತ್ತು. ರಟ್ಟಿನ ಪೆಟ್ಟಿಗೆಯಲ್ಲಿ ಮರಿ ತಂದುಕೊಟ್ಟವರು ಗಂಡು ಅಂದರು, ನಾವೂ ಎತ್ತಿ ನೋಡಲಿಲ್ಲ. ಒಂದೂವರೆ ವರ್ಷದ ನಂತರ ಸೌದೆ ಕೊಟ್ಟಿಗೆಯಲ್ಲಿ ರಾಜ ಐದು ಮರಿ ಹಾಕಿದ. ಹಾಕಿದಳೋ, ಹಾಕಿತೋ ಎಂದು ಮನೆಯಲ್ಲಿ ಇವತ್ತಿಗೂ ಜಗಳ ಇದೆ. ಅಂದಿನಿಂದ ನಾನು ಒಂದು ನಿಯಮ ಮಾಡಿಕೊಂಡೆ. ಗಂಡಾದರೂ ಹೆಣ್ಣಾದರೂ ಹೊಂದುವ ಹೆಸರು, ಅದೂ ಪಕ್ಕದ ತೋಟದ ನಾಯಿಗೆ ಇಲ್ಲದ ಹೆಸರು. ನೆಂಟರು, ಸ್ನೇಹಿತರು ಕೇಳಿದಾಗೆಲ್ಲ ಹುಡುಕಿಕೊಟ್ಟಿದ್ದೇನೆ. ಮಾತು ಕೇಳದೆ ಕೆಟ್ಟವರನ್ನೂ ನೋಡಿದ್ದೇನೆ.

ಹಂತ 1: ಸವೆದ ಹೆಸರುಗಳನ್ನು ಹೊಡೆದುಹಾಕಿ

ಟಾಮಿ, ಜಿಮ್ಮಿ, ರಾಕಿ, ಬ್ರೂನೋ, ಸಿಂಬಾ, ಟೈಗರ್ ಬೇಡ. ಕೊಡಗಿನಲ್ಲಿ ಇನ್ನೊಂದು ಗುಂಪು ಇದೆ: ಕಾಫಿ, ಮೋಕಾ, ಲಾಟೆ. ಮೊದಲು ಇಟ್ಟವರಿಗೆ ಇದು ಹೊಸದೇ ಆಗಿತ್ತು, ಪಾಪ. ಈಗ ಯಾವುದಾದರೂ ಹೋಂಸ್ಟೇ ಗೇಟಿನಲ್ಲಿ ನಿಂತು ‘ಕಾಫಿ’ ಎಂದು ಕರೆಯಿರಿ. ಒಂದೋ ನಾಯಿ ಬರುತ್ತದೆ, ಇಲ್ಲ ಕಪ್ ಬರುತ್ತದೆ.

ಹೆಸರು ಹುಡುಕಿಕೊಡುವ ಆ್ಯಪ್‌ಗಳನ್ನು ನಂಬಬೇಡಿ. ‘ಅಪರೂಪದ ಹೆಸರು’ ಎಂದು ಒತ್ತಿದರೆ ಎಲ್ಲರಿಗೂ ಅದೇ ಪೀನಟ್, ಅದೇ ಕುಕ್ಕಿ.

ಹಂತ 2: ಕೊನೆಯ ಅಕ್ಷರ ನೋಡಿ

ಇಲ್ಲಿ ಕನ್ನಡವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕೆಂಚ ಅಂದರೆ ಗಂಡು, ಕೆಂಚಿ ಅಂದರೆ ಹೆಣ್ಣು. ‘ಅ’ದಲ್ಲಿ ಮುಗಿದರೆ ಗಂಡು, ‘ಇ’ಯಲ್ಲಿ ಮುಗಿದರೆ ಹೆಣ್ಣು ಎಂದು ನಮ್ಮ ಕಿವಿಗೆ ಅಭ್ಯಾಸ. ‘ಉ’ ಮತ್ತು ‘ಎ’ಯಲ್ಲಿ ಮುಗಿಯುವ ವಸ್ತುಗಳ ಹೆಸರು ಯಾವ ಕಡೆಗೂ ವಾಲುವುದಿಲ್ಲ. ಚುಕ್ಕೆ, ಬಿಲ್ಲೆ, ಗೋಟು, ಬಿದಿರು, ಟಪಾಲು. ಅಡುಗೆಮನೆ, ಕಣ, ಗದ್ದೆ, ಅಟ್ಟ ಸುತ್ತಿ ಬನ್ನಿ, ಅರ್ಧ ಗಂಟೆಯಲ್ಲಿ ಇಪ್ಪತ್ತು ಹೆಸರು ಸಿಗುತ್ತದೆ.

ಮಂಜು ಕೂಡ ‘ಉ’ದಲ್ಲೇ ಮುಗಿಯುತ್ತದೆ, ಮಡಿಕೇರಿಗೆ ಸರಿಯಾದ ಹೆಸರೂ ಹೌದು. ಆದರೆ ಸಂತೆಯಲ್ಲಿ ‘ಮಂಜೂ’ ಎಂದು ಕೂಗಿ ನೋಡಿ. ಇಬ್ಬರು ಗಂಡಸರು, ಒಬ್ಬ ಹೆಂಗಸು ತಿರುಗಿ ನೋಡುತ್ತಾರೆ.

ಹಂತ 3: ಹಿರಿಯರ ಮುಂದೆ ಪಟ್ಟಿ ಓದಿ

ದೇವರ ಹೆಸರು, ತೀರಿಹೋದವರ ಹೆಸರು, ನೆಂಟರ ಮುದ್ದಿನ ಹೆಸರು ಇದ್ದರೆ ಅವರೇ ತೆಗೆಸುತ್ತಾರೆ. ವಾದ ಮಾಡಬೇಡಿ. ದೇವರಕಾಡಿನ ಅಯ್ಯಪ್ಪನಿಗೆ ಮಣ್ಣಿನ ನಾಯಿ ಮಾಡಿಸಿ ಹರಕೆ ಒಪ್ಪಿಸುವ ಊರು ನಮ್ಮದು. ನಾಯಿಯ ವಿಷಯ ಇಲ್ಲಿ ತಮಾಷೆಯಲ್ಲ. ನನ್ನ ಪಟ್ಟಿಯಲ್ಲಿ ಎಳ್ಳು ಎಂಬ ಒಳ್ಳೆಯ ಹೆಸರಿತ್ತು, ಮೈತುಂಬ ಕಪ್ಪು ಚುಕ್ಕೆಯ ಮರಿಗೆ. ಅಜ್ಜಿ ಒಂದೇ ಮಾತು ಹೇಳಿದರು: “ಎಳ್ಳು ನೀರು ಬಿಡೋದು ಯಾರಿಗೆ ಅಂತ ಗೊತ್ತುಂಟಲ್ಲ?” ಹೆಸರು ಅಲ್ಲಿಗೆ ಹೋಯಿತು.

ಹಂತ 4: ಹೆಸರನ್ನು ದಿನದ ಮಾತಿನೊಳಗೆ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿ. ಹೆಸರೊಂದನ್ನೇ ಹೇಳಿ ನೋಡುತ್ತಾರೆ, ಚಂದ ಅನ್ನಿಸುತ್ತದೆ, ಇಟ್ಟುಬಿಡುತ್ತಾರೆ. ಆದರೆ ಹೆಸರು ಒಂಟಿಯಾಗಿ ಬದುಕುವುದಿಲ್ಲ, ವಾಕ್ಯದಲ್ಲಿ ಬದುಕುತ್ತದೆ.

ಸ್ನೇಹಿತರೊಬ್ಬರು ನಾಯಿಗೆ ದುಡಿ ಎಂದು ಹೆಸರಿಟ್ಟರು. ಕೊಡವರ ಹಾಡಿಗೆ ಬಡಿಯುವ ಪುಟ್ಟ ವಾದ್ಯ ದುಡಿ, ಹೆಸರಿನಲ್ಲಿ ತಪ್ಪೇನಿಲ್ಲ. ‘ಇ’ಯಲ್ಲಿ ಮುಗಿಯುತ್ತದೆ ಎಂದು ನಾನು ಸ್ವಲ್ಪ ಕೊಂಕು ತೆಗೆದಿದ್ದೆ, ಅಷ್ಟೆ. ಜನವರಿಯಲ್ಲಿ ರೊಬಸ್ಟಾ ಕಾಫಿ ಕೊಯ್ಲು ಶುರುವಾಯಿತು. ಇಪ್ಪತ್ತು ಜನ ಹಣ್ಣು ಕೊಯ್ಯುತ್ತಿರುವಾಗ ಇವರು ತೋಟದ ತಲೆಯಲ್ಲಿ ನಿಂತು “ದುಡೀ! ದುಡೀ!” ಎಂದು ಕೂಗಿದರು. ಕೆಳಗಿನ ಸಾಲಿನಿಂದ ಉತ್ತರ ಬಂತು: “ದುಡೀತಾನೇ ಇದ್ದೀವಲ್ಲ ಸಾರ್, ಇನ್ನೆಷ್ಟು?”

ಇನ್ನೊಬ್ಬರದು ಮದ್ದು. ಕೊಡವರ ಕಕ್ಕಡ ತಿಂಗಳ (ಜುಲೈ-ಆಗಸ್ಟ್) 18ನೇ ದಿನ ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತೇವಲ್ಲ, ಆ ನೆನಪಿಗೆ ಇಟ್ಟದ್ದು. ಎರಡೇ ಅಕ್ಷರ, ‘ಉ’ದಲ್ಲಿ ಮುಗಿಯುತ್ತದೆ, ಬೇರೆ ಯಾರಿಗೂ ಇಲ್ಲ. ನಾನೇ ಭೇಷ್ ಅಂದಿದ್ದೆ. ಮಳೆಗಾಲಕ್ಕೆ ಮೊದಲು ತೋಟಕ್ಕೆ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಬಂತು. ಅದಕ್ಕೆ ನಾವು ಹೇಳುವುದೇ ‘ಮದ್ದು ಹೊಡೆಯುವುದು’ ಎಂದು. ಆ ಮನೆಯ ಸಣ್ಣ ಹುಡುಗಿ “ನಾಳೆ ಬೆಳಿಗ್ಗೆ ಎಲ್ಲರೂ ಸೇರಿ ಮದ್ದು ಹೊಡೀಬೇಕು” ಎಂಬ ಮಾತು ಕೇಳಿ ನಾಯಿಯನ್ನು ತಬ್ಬಿಕೊಂಡು ಅತ್ತಳಂತೆ.

ಮೆಣಸು ಇಡಲು ಹೊರಟವರನ್ನು ಮಾತ್ರ ನಾನು ತಡೆದೆ. “ಮೆಣಸು ಒಣಗಿತಾ?” “ಮೆಣಸು ಕುಟ್ಟಿ ಇಡು” ಎಂದು ಎರಡು ವಾಕ್ಯ ಹೇಳಿದ್ದೇ ಸಾಕಾಯಿತು.

ಆದ್ದರಿಂದ ಹೀಗೆ ಮಾಡಿ. ಪಟ್ಟಿಯ ಪ್ರತಿ ಹೆಸರಿಗೂ ಅರೆ, ಕುಟ್ಟು, ಸುಡು, ಕೊಯ್ಯು, ಹೊಡಿ, ಮಾರು ಎಂಬ ಆರು ಕೆಲಸ ಜೋಡಿಸಿ. ನಿಮ್ಮ ಮನೆಯಲ್ಲಿ ದಿನಾ ಆಡುವ ಮಾತು ಬಂದರೆ ಆ ಹೆಸರು ಬೇಡ. ಮನೆಯಲ್ಲಿ ಇರಬೇಕು, ಆದರೆ ಬಾಯಲ್ಲಿ ಜಾಸ್ತಿ ಇರಬಾರದು, ಅಂಥ ವಸ್ತು ಹುಡುಕಿ. ನಮ್ಮ ಈಗಿನ ನಾಯಿ ಕೊಕ್ಕೆ. ಬಾಲ ಹಾಗೇ ಬಾಗಿದೆ, ಗೋಡೆಗೆ ನೇತುಹಾಕಬಹುದು. ಹಣ್ಣು ಕೀಳುವಾಗ “ಕೊಕ್ಕೆ ತಗೊಂಡು ಬಾ” ಎಂದಾಗ ಮಕ್ಕಳು ನಾಯಿಯನ್ನು ಎತ್ತಿಕೊಂಡು ಬರುತ್ತಾರೆ. ವರ್ಷಕ್ಕೆ ನಾಲ್ಕು ಸಲ ಅಲ್ವಾ, ನಡೆಯುತ್ತದೆ.

ನಾಯಿಗೆ ಹೇಳುವ ಮಾತುಗಳ ಜೊತೆಗೂ ಹೆಸರು ಕಲೆಯಬಾರದು. ಬಾ, ಕೂರು, ಬೇಡ ಜೊತೆಗೆ ಸಿಟ್, ನೋ ಎಲ್ಲವನ್ನೂ ನಾವು ಬೆರೆಸಿಯೇ ಹೇಳುತ್ತೇವೆ. ಕಿಟ್ಟು ಎಂದು ಹೆಸರಿಟ್ಟು ಸಿಟ್ ಕಲಿಸಲು ಹೋದರೆ ಮರಿ ಏನು ಮಾಡಬೇಕು? ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದರ ಹೆಸರಿಗೆ ಪ್ರಾಸ ಆಗದಂತೆಯೂ ನೋಡಿ. ಚುಕ್ಕೆ, ಕೊಕ್ಕೆ ಒಂದೇ ಮನೆಯಲ್ಲಿ ಬೇಡ.

ಹಂತ 5: ಕೂಗಿ

ಹೆಸರು ಇರುವುದು ಓದುವುದಕ್ಕಲ್ಲ, ಕೂಗುವುದಕ್ಕೆ. ಉಳಿದ ಮೂರ್ನಾಲ್ಕು ಹೆಸರು ಹಿಡಿದು ಸಂಜೆ ಅಂಗಳಕ್ಕೆ ಇಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಆದರೆ ಇನ್ನೂ ಒಳ್ಳೆಯದು, ಶೀಟಿನ ಮೇಲೆ ಮಳೆ ಬಡಿಯುವಾಗಲೇ ಪರೀಕ್ಷೆ ಸರಿಯಾಗಿ ಆಗುವುದು. ಮನೆಯ ಒಬ್ಬರನ್ನು ಕೆಳಗೆ ಹೊಳೆಯ ಬದಿಗೆ ಕಳಿಸಿ. ಯಾವ ಹೆಸರು ಕೇಳಿಸಿತು ಎಂದು ಆಮೇಲೆ ಕೇಳಿ. ಮೊದಲೇ ಹೇಳಿ ಕಳಿಸಬೇಡಿ, ಗೊತ್ತಿರುವ ಹೆಸರು ಕೇಳಿಸದಿದ್ದರೂ ಕೇಳಿಸಿದಂತೆಯೇ.

ನಾಯಿಯ ಕಿವಿ ನಮಗಿಂತ ಚುರುಕು. ನಮಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ಅದಕ್ಕೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಹಾಗೆಂದು ಗೊಣಗಿದರೆ ಆಗದು. ಮಳೆಯ ಸದ್ದಿನಲ್ಲಿ ಮ, ಲ, ವ ಕರಗಿಹೋಗುತ್ತವೆ. ಕ, ಟ, ಪ ಚಟ್ ಎಂದು ಸಿಡಿದು ಹೊರಗೆ ಬರುತ್ತವೆ. ಕೊನೆಯ ಸ್ವರ ಎಳೆಯಲೂ ಬರಬೇಕು. ‘ಕೊಕ್ಕೇ’ ಎಂದು ಉಸಿರು ಇರುವಷ್ಟು ಎಳೆಯಬಹುದು. ಅಗಸ್ಟಸ್, ಫೀನಿಕ್ಸ್ ಎಂದು ಎಳೆದು ನೋಡಿ, ಹಾವು ಬುಸುಗುಟ್ಟಿದಂತೆ ಆಗುತ್ತದೆ.

ಎರಡು ಅಕ್ಷರ ಸಾಕು. ಮೂರಾದರೆ ಜನ ತಾವೇ ಕತ್ತರಿಸುತ್ತಾರೆ, ಟಪಾಲು ತಿಂಗಳಲ್ಲಿ ಟಪ್ಪು ಆಗುತ್ತದೆ. ಕತ್ತರಿಸಿದ ಹೆಸರೂ ಇಷ್ಟವಾದರೆ ಮಾತ್ರ ಇಡಿ. ಕಾಚಂಪುಳಿ (ನಮ್ಮ ಅಡುಗೆಗೆ ಹಾಕುವ ಕಪ್ಪು ಹುಳಿ) ಎಂದು ಇಡಲು ಹೊರಟವರಿಗೆ ನಾನು ಇಷ್ಟೇ ಹೇಳಿದೆ, ಅದನ್ನು ಕತ್ತರಿಸಿದರೆ ಮೊದಲು ಉಳಿಯುವುದು ಕಾಚ.

ಹಂತ 6: ಕಲಿಸಿ

ಸುಲಭ. ಹೆಸರು ಒಮ್ಮೆ ಹೇಳಿ, ತಿರುಗಿ ನೋಡಿದ ಕೂಡಲೇ ಬೇಯಿಸಿದ ಕೋಳಿಯ ಚೂರೋ, ಅಕ್ಕಿ ರೊಟ್ಟಿಯ ತುಂಡೋ ಕೊಡಿ. ದಿನಕ್ಕೆ ಐದಾರು ಸಲ ಸಾಕು. ಪಂದಿ ಕರಿಯ (ಹಂದಿ ಮಾಂಸದ ಸಾರಿನ) ಮೂಳೆ ಬೇಡ, ಬೆಂದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಬೈಯುವಾಗ ಹೆಸರು ಬಳಸಬೇಡಿ, ಸುಮ್ನೆ ‘ಏಯ್’ ಅನ್ನಿ.

ಕುತ್ತಿಗೆಗೆ ಹಾಕುವ ಹೆಸರಿನ ಬಿಲ್ಲೆಯ ಬಗ್ಗೆ ಒಂದು ಮಾತು. ಆನ್‌ಲೈನಿನಲ್ಲಿ ಸಿಗುವ ಬಣ್ಣದ ತೆಳು ಬಿಲ್ಲೆಗೆ ದುಡ್ಡು ಹಾಕಬೇಡಿ. ನನ್ನದು ಒಂದೇ ಮಳೆಗಾಲಕ್ಕೆ ಅಳಿಸಿಹೋಯಿತು. ಹಿತ್ತಾಳೆ ಅಥವಾ ಸ್ಟೀಲಿನ ತುಂಡು ತೆಗೆದುಕೊಂಡು ಪಾತ್ರೆಗೆ ಹೆಸರು ಕೆತ್ತುವ ಅಂಗಡಿಗೆ ಹೋಗಿ, ನಿಂತ ಹಾಗೇ ಮಾಡಿಕೊಡುತ್ತಾರೆ. ಒಂದು ಬದಿ ಹೆಸರು, ಇನ್ನೊಂದು ಬದಿ ಫೋನ್ ನಂಬರು. ಜಾಗ ಒಂದಕ್ಕೇ ಇದ್ದರೆ ನಂಬರು ಸಾಕು. ಮಳೆಗಾಲಕ್ಕೆ ಚರ್ಮದ ಬೆಲ್ಟ್ ಬೇಡ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ನೈಲಾನ್‌ನದು ತನ್ನಿ, ಎರಡು ತನ್ನಿ. ಒಂದು ಒಲೆಯ ಹತ್ತಿರ ಒಣಗುವಾಗ ಇನ್ನೊಂದು ಕುತ್ತಿಗೆಯಲ್ಲಿರಲಿ.