ಅಪ್ಪ-ಅವ್ವ ಗುಳೆ ಹೋದಾಗ ಮಗುವಿನ ಚಿಂತೆ ಹಗುರ ಮಾಡುವುದು ಹೇಗೆ

ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ದೊಡ್ಡವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದರೆ, ಎಷ್ಟೋ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಮಗು ‘ಚಿಂತಿ ಆಗ್ಯಾದ’ ಅನ್ನುವುದಿಲ್ಲ, ‘ಹೊಟ್ಟಿ ನೋಯ್ತದ’ ಅನ್ನುತ್ತದೆ. ನೋವು ನಾಟಕವಲ್ಲ, ಭಯಕ್ಕೆ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ. ಬೇರೆ ಕಾರಣವಿಲ್ಲದೆ ಶಾಲೆಯ ಹೊತ್ತಿಗೇ ಬರುತ್ತಿದ್ದರೆ ಚಿಂತೆಯ ಕಡೆ ನೋಡಿ.

ಮಗು ಮಲಗಿದಾಗ ಕದ್ದು ಬಸ್ ಹತ್ತಬೇಡಿ. ಅಳು ತಪ್ಪಿತು ಅನಿಸುತ್ತದೆ, ಆದರೆ ಮರುದಿನದಿಂದ ಮಗುವಿಗೆ ನಿದ್ದೆ ಮಾಡುವುದೇ ಭಯ: ಕಣ್ಣು ಮುಚ್ಚಿದರೆ ಅಜ್ಜಿಯೂ ಹೋದಾಳು. ನಾಲ್ಕೈದು ದಿನ ಮೊದಲೇ ಹೇಳಿ: ಎಲ್ಲಿರುತ್ತೀರಿ, ಯಾರು ಅಡಿಗೆ ಮಾಡುತ್ತಾರೆ, ಯಾವ ಹಬ್ಬಕ್ಕೆ ಬರುತ್ತೀರಿ. ಆ ಹಬ್ಬವನ್ನು ಕ್ಯಾಲೆಂಡರಿನಲ್ಲಿ ಮಗುವೇ ಗುರುತು ಹಾಕಲಿ. ಖಾತ್ರಿಯಿಲ್ಲದ ದಿನ ಹೇಳಬೇಡಿ. ಫೋನಿಗೂ ಒಂದೇ ಹೊತ್ತು ಇರಲಿ. ‘ಆಮ್ಯಾಲ ಮಾಡ್ತೀನಿ’ ಅಂದರೆ ಮಗು ದಿನವಿಡೀ ಕಾಯುತ್ತದೆ.

‘ಅವ್ವ ಬರ್ತಾಳಲ್ಲ?’ ಎಂದು ಹತ್ತು ಸಲ ಕೇಳಿದರೆ ಒಮ್ಮೆ ಸರಿಯಾಗಿ ಉತ್ತರಿಸಿ. ಮತ್ತೆ ಕೇಳಿದಾಗ ‘ನಾ ಏನ್ ಹೇಳಿದ್ದೆ?’ ಎಂದು ಮಗುವಿನಿಂದಲೇ ಹೇಳಿಸಿ. ಪ್ರತಿ ಸಲ ಸಮಾಧಾನ ಹೇಳುತ್ತ ಹೋದರೆ ಕೇಳುವ ಚಟ ಬೆಳೆಯುತ್ತದೆ, ಧೈರ್ಯ ಬೆಳೆಯುವುದಿಲ್ಲ. ಸಂಜೆ ಊಟಕ್ಕೆ ಮುಂಚೆ ಹದಿನೈದು ನಿಮಿಷ ಚಿಂತೆ ಮಾತಿಗೇ ಇಡಿ. ಮಲಗುವ ಹೊತ್ತಿನಲ್ಲಿ ಬೇಡ, ನಿದ್ದೆ ಕೆಡುತ್ತದೆ.

ಉಸಿರಾಟ ಕಲಿಸಿ: ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ನೋಟ್‌ಬುಕ್ ಇಡಿ. ನಾಲ್ಕು ಎಣಿಸುತ್ತ ಮೂಗಿನಿಂದ ಎಳೆದಾಗ ಪುಸ್ತಕ ಮೇಲೇಳಬೇಕು. ಆರು ಎಣಿಸುತ್ತ ಬಿಡಬೇಕು. ಐದು ಸಲ ಸಾಕು. ಎದೆ ಉಬ್ಬಿ ಪುಸ್ತಕ ಅಲುಗದಿದ್ದರೆ ಉಸಿರು ಹೊಟ್ಟೆಯವರೆಗೆ ಇಳಿಯುತ್ತಿಲ್ಲ ಎಂದರ್ಥ. ಜೋರಾಗಿ ಎಳೆಯುವುದು ಬೇಡ, ತಲೆ ತಿರುಗೀತು. ಅಳುವಾಗ ಕಲಿಸಲು ಹೋಗಬೇಡಿ, ಆಡುವ ಹೊತ್ತಿನಲ್ಲೇ ರೂಢಿ ಮಾಡಿಸಿ.

ಹೆದರಿತೆಂದು ಶಾಲೆ ಬಿಡಿಸಿದರೆ ಆ ದಿನ ನೆಮ್ಮದಿ, ಮರುದಿನ ಭಯ ಇಮ್ಮಡಿ. ಮೊದಲು ಗೇಟಿನವರೆಗೆ, ಆಮೇಲೆ ಬಿಸಿಯೂಟದವರೆಗೆ, ಕೊನೆಗೆ ಪೂರ್ತಿ ದಿನ, ಟೀಚರಿಗೂ ತಿಳಿಸಿರಿ. ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ.

ಎರಡು ವಾರ ಕಳೆದರೂ ಊಟ, ನಿದ್ದೆ, ಶಾಲೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ‘ಸಾಯಬೇಕು’ ಎಂಬ ಮಾತು ಬಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ.

ಅವ್ವ ಬಂದ ದಿನ ಕೆಲ ಮಕ್ಕಳು ಓಡಿ ಬರುವುದಿಲ್ಲ, ಅಜ್ಜಿಯ ಹಿಂದೆ ನಿಲ್ಲುತ್ತವೆ. ಅದು ಮುನಿಸು, ಎಳೆದು ಅಪ್ಪಿಕೊಳ್ಳದೆ ಪಕ್ಕದಲ್ಲಿ ಕೂತಿರಿ. ಮತ್ತೆ ಹೊರಡುವುದಿದ್ದರೆ ಅದನ್ನೂ ಮೊದಲೇ ಹೇಳಿರಿ.