ಹಳೇ ಲ್ಯಾಪ್‌ಟಾಪ್ ವೈಫೈ ಹಿಡಿಯದಿದ್ದರೆ ಫೋನಿನ ಕೇಬಲ್ ಹಾಕಿ ನೋಡಿ

ತೋಟದ ಲೆಕ್ಕಕ್ಕೆ ಇಟ್ಟುಕೊಂಡ ವಿಂಡೋಸ್ 7 ಲ್ಯಾಪ್‌ಟಾಪ್ ಹೊಸ ರೂಟರಿನ ವೈಫೈ ಹಿಡಿಯದಿದ್ದರೆ ಗುಜರಿಗೆ ಹಾಕಬೇಡಿ. ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಜೋಡಿಸಿ, ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ಭಾಗದಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲ್ಯಾಪ್‌ಟಾಪಿಗೆ ಫೋನು ವೈರಿನ ನೆಟ್‌ವರ್ಕ್ ಕಾರ್ಡಿನ ಹಾಗೆ ಕಾಣುತ್ತದೆ; ಹೊಸ ವೈಫೈಯ 5 ಗಿಗಾಹರ್ಟ್ಸ್ ತರಂಗ, ಡಬ್ಲ್ಯುಪಿಎ3 ಎಂಬ ಪಾಸ್‌ವರ್ಡ್ ಭದ್ರತೆ ಇತ್ಯಾದಿ ನಿಭಾಯಿಸುವುದು ಫೋನಿನ ತಲೆನೋವು. ಫೋನು ಮನೆಯ ವೈಫೈಯಲ್ಲಿದ್ದರೆ ಆ ನೆಟ್ಟೇ ಕೇಬಲಿನಲ್ಲಿ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗದು. ಮಳೆಗಾಲದಲ್ಲಿ ಕರೆಂಟು ಹೋಗಿ ರೂಟರ್ ನಿಂತರೂ, ಟವರ್ ಇರುವಷ್ಟು ಹೊತ್ತು ಫೋನಿನ ಮೊಬೈಲ್ ಡೇಟಾದಲ್ಲಿ ಕೆಲಸ ನಡೆಯುತ್ತದೆ. ಚಾರ್ಜಿಗೆ ಮಾತ್ರ ಬರುವ ಕೇಬಲ್ ಆದರೆ ಟೆದರಿಂಗ್ ಆಯ್ಕೆ ಮಂಕಾಗಿಯೇ ಇರುತ್ತದೆ, ಬೇರೆ ಕೇಬಲ್ ಹಾಕಿ. ಇನ್ನೂ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಸಾಮಾನ್ಯವಾಗಿ ಡ್ರೈವರ್ (ಫೋನನ್ನು ಗುರುತಿಸುವ ತಂತ್ರಾಂಶ) ಬೇರೆ ಹಾಕಬೇಕು. ನೆಟ್ ಬಂದರೂ ಪ್ರತಿ ಸೈಟೂ 'ಸುರಕ್ಷಿತವಲ್ಲ' ಅಂದರೆ ಮೊದಲು ತಾರೀಕು ನೋಡಿ: ಒಳಗಿನ ಬಟನ್ ಸೆಲ್ ಸತ್ತು ಗಡಿಯಾರ ಹಳೇ ವರ್ಷಕ್ಕೆ ಹೋಗಿರುತ್ತದೆ, ಆಗ ಸೈಟುಗಳ ಪ್ರಮಾಣಪತ್ರದ (ಸೈಟು ಅಸಲಿ ಎನ್ನುವ ಗುರುತು) ಅವಧಿ ತಾಳೆಯಾಗುವುದಿಲ್ಲ. ತಾರೀಕು ಸರಿಯಿದ್ದೂ ಹಾಗೇ ಆದರೆ, ವಿಂಡೋಸ್ 7ರಲ್ಲಿ ಓಡುವ ಫೈರ್‌ಫಾಕ್ಸ್ 115 ಇಎಸ್‌ಆರ್ ಬ್ರೌಸರ್ ಹಾಕಿ. ಬ್ಯಾಂಕಿನ ಕೆಲಸ ಮಾತ್ರ ದಯವಿಟ್ಟು ಇದರಲ್ಲಿ ಬೇಡ. ಯಾಕೆಂದರೆ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದ ಭದ್ರತಾ ತಿದ್ದುಪಡಿ 2020ರ ಜನವರಿಯಲ್ಲೇ ನಿಂತಿದೆ.